ಬುರುಲ್ ಎಜೆಯ ಪುಟದಲ್ಲಿ ಬಿಳಿ ಪುಡಿ

ಬುರುಲ್‌ಗೆ ಆ ಮನುಷ್ಯನಲ್ಲಿ ಮೊದಲು ಹೇಸಿಗೆಯಾದದ್ದು ಅವನ ಕೈ. ಒದ್ದೆ ಕೈ. ಹೊರಗೆ ಹಿಮ ಬೀಳುತ್ತಿತ್ತು, ಕರಕೋಲ್ ಊರಿನ ಜನವೆಲ್ಲ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಓಡಾಡುತ್ತಿದ್ದರು, ಇವನ ಅಂಗೈ ಮಾತ್ರ ಬೆವತಿತ್ತು. ಕೈ ಕುಲುಕಿದ ಮೇಲೆ ಅವಳು ಮೇಜಿನ ಕೆಳಗೆ ತನ್ನ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಕುರಿಯ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಹಾಕಿ ಅಡ್ಡ ತಿರುಗಿದ ಮರಿಯನ್ನು ಸರಿ ಮಾಡಿದವಳು, ಕೊಳೆತ ಗೊರಸು ಕೆತ್ತಿದವಳು, ಯಾವ ಪ್ರಾಣಿಯ ಹೊಲಸಿಗೂ ಮೂಗು ಮುರಿದವಳಲ್ಲ. ಆದರೂ ಅವತ್ತು ಕೈ ಒರೆಸಿಕೊಂಡಳು.

ಅವಳಿಗೆ ಆಗ ಐವತ್ತೇಳು. ಗಂಡ ತೀರಿಹೋಗಿದ್ದ. ಹನ್ನೆರಡು ವರ್ಷ ಸರ್ಕಾರಿ ಫಾರಮ್ಮಿನಲ್ಲಿ ದನಕುರಿಗಳ ಡಾಕ್ಟರಾಗಿದ್ದವಳು. ಫಾರಮ್ಮು ಮುರಿದು ಬಿದ್ದಾಗ ಜನ ಕುರಿ ಹಂಚಿಕೊಂಡರು, ಟ್ರ್ಯಾಕ್ಟರು ಹಂಚಿಕೊಂಡರು, ಆಸ್ಪತ್ರೆಯ ಬಾಗಿಲಿನ ಹಲಗೆಯನ್ನೂ ಕಿತ್ತು ಹಂಚಿಕೊಂಡರು. ಡಾಕ್ಟರು ಯಾರ ಪಾಲಿಗೂ ಬರಲಿಲ್ಲ. ಹಾಗಾಗಿ ಎಲ್ಲರ ಪಾಲಿಗೂ ಬಂದಳು. ಬೆಟ್ಟದ ಮೇಲಿನ ಕುರಿಗಾಹಿಗಳು ವ್ಯಾನಿನ ಡ್ರೈವರುಗಳ ಕೈಲಿ ಚೀಟಿ ಕಳಿಸುತ್ತಿದ್ದರು. ಉಣ್ಣೆಯ ದಾರ ಸುತ್ತಿದ ಚೀಟಿ: "ಮೇಕೆ ಮೂರು ದಿನದಿಂದ ತಿಂದಿಲ್ಲ, ಏನು ಮಾಡಲಿ." ಅದರ ಬೆನ್ನಿಗೇ ಅವಳು ಉತ್ತರ ಬರೆದು ಅದೇ ವ್ಯಾನಿನಲ್ಲಿ ವಾಪಸು ಕಳಿಸುವಳು. ಅವಳ ಚೀಟಿಗೆ ಒಂದು ಕ್ರಮವಿತ್ತು. ಮೊದಲು ಪ್ರಾಣಿಯನ್ನು ಎಲ್ಲಿ ಕಟ್ಟಬೇಕು, ಏನು ತಿನ್ನಿಸಬೇಕು ಅನ್ನುವುದು. ಕೊನೆಯ ಸಾಲಿನಲ್ಲಿ ಮದ್ದು. ಅದರ ಕೆಳಗೆ "ಬುರುಲ್ ಹೇಳಿದ್ದು" ಎಂದು ಸಹಿ. ಓದು ಅಷ್ಟಾಗಿ ಬಾರದವರು ಮೇಲಿನದೆಲ್ಲ ಬಿಟ್ಟು ಸಹಿಯ ಮೇಲಿನ ಸಾಲನ್ನು ಮಾತ್ರ ಓದುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಊರಿಗೆ ಇಂಟರ್ನೆಟ್ ಅಂಗಡಿ ಬಂದಾಗ ಇವಳು ಹೋಗಿ, ಬಂದೂಕಿನ ಆಟ ಆಡುವ ಹುಡುಗರ ಗದ್ದಲದ ಮಧ್ಯೆ ಕೂತು ಕಲಿತಳು. ಹಳೇ ಚೀಟಿಗಳಲ್ಲಿ ಬರೆದದ್ದನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಟೈಪು ಹೊಡೆದು ಸೈಟು ಮಾಡಿದಳು. ಸೈಟಿನ ಹೆಸರೂ ಅವರ ಮಾತಿನಲ್ಲಿ ಚೀಟಿ ಅಂತಲೇ. ಎಲ್ಲದಕ್ಕಿಂತ ಮೇಲೆ ಅವಳ ಫೋಟೋ, ಫಾರಮ್ಮಿನ ಗೌರವದ ಹಲಗೆಯಿಂದ ಬಿಚ್ಚಿ ತಂದದ್ದು, ಬಿಳಿ ಕೋಟು ಹಾಕಿಕೊಂಡು ಸಿಟ್ಟಾಗಿರುವ ಹಾಗೆ ಕಾಣುವ ಫೋಟೋ. ಪ್ರತಿ ಉತ್ತರದ ಕೆಳಗೂ ಅದೇ: ಬುರುಲ್ ಹೇಳಿದ್ದು. ಕಣಿವೆಗೆ ಮೊಬೈಲಿನಲ್ಲಿ ಇಂಟರ್ನೆಟ್ ಬಂದ ಮೇಲಂತೂ ಆ ಪುಟ ನೋಡದ ಕುರಿಗಾಹಿ ಇರಲಿಲ್ಲ.

ನೋಡುವವರು ಹೆಚ್ಚಿದ್ದೇ ತೊಂದರೆಯಾಯಿತು. ಸೈಟನ್ನು ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಕಂಪನಿಯವರು ಹೊಸ ವರ್ಷದಿಂದ ಬಾಡಿಗೆ ಮೂರು ಪಟ್ಟು ಅಂದರು. ಪಿಂಚಣಿಯಲ್ಲಿ ಚಳಿಗಾಲದ ಕಲ್ಲಿದ್ದಲು ಬರಬೇಕು, ಇಲ್ಲವೇ ಸೈಟು ಉಳಿಯಬೇಕು. ಎರಡೂ ಆಗುವ ಹಾಗಿರಲಿಲ್ಲ. ಅಂಥ ಹೊತ್ತಿಗೆ ಬಂದವನು ಈ ಒದ್ದೆ ಕೈಯವನು. ಹೆಸರು ಜಾನಿಶ್. ರಾಜಧಾನಿ ಬಿಷ್ಕೆಕ್‌ನಲ್ಲಿ ಹೊಸದಾಗಿ ಶುರುವಾಗಿದ್ದ ತಾಪ್‌ಬೆರ್ ಅನ್ನುವ ಕಂಪನಿಯವನು.

ಕರಕೋಲ್‌ನಲ್ಲಿ ಸೈಟು ನಡೆಸುವವರು ಮೂವರು ಪ್ರತಿ ಭಾನುವಾರ ದನದ ಸಂತೆ ಮುಗಿದ ಮೇಲೆ ಅಶ್ಲಾನ್‌ಫು ಅಂಗಡಿಯಲ್ಲಿ ಸೇರುತ್ತಿದ್ದರು. ಚಳಿಯಲ್ಲೂ ತಣ್ಣಗೇ ತಿನ್ನುವ ಹುಳಿ ಶಾವಿಗೆ ಅದು, ಖಾರ ನೆತ್ತಿಗೇರಬೇಕು. ಬುರುಲ್ ಒಬ್ಬಳು. ಇನ್ನೊಬ್ಬ ಕುಬಾನ್, ನಲವತ್ತರವನು, ಪ್ರವಾಸಿಗಳಿಗೆ ಉಣ್ಣೆಯ ಡೇರೆ ಬಾಡಿಗೆಗೆ ಕೊಡಿಸುವ ಸೈಟು ಅವನದು. ಮೂರನೆಯವಳು ಲ್ಯುಬಾ, ಎಪ್ಪತ್ತರ ರಷ್ಯನ್ ಮುದುಕಿ, ಕಾಲುಚೀಲ ಹೆಣೆಯುವುದು, ಹಣ್ಣಿನ ಜಾಮು ಕಾಯಿಸುವುದು ಇದರದೇ ಸೈಟು. ಜಾನಿಶ್‌ನನ್ನು ಕರೆತಂದವನು ಕುಬಾನ್.

"ದೊಡ್ಡ ದೊಡ್ಡ ಕಂಪನಿಗಳು ನಮ್ಮ ಭಾಷೆಯ ಪುಟ ಅಂದ್ರೆ ತಿರುಗಿ ನೋಡಲ್ಲ ಎಜೆ," ಎಂದ ಜಾನಿಶ್. ಎಜೆ ಅಂದರೆ ಅಕ್ಕ. ಅವನ ಬಾಯಲ್ಲಿ ಆ ಮಾತಿಗೂ ಎಣ್ಣೆ ಸವರಿದ ಹಾಗಿತ್ತು. "ನಾವು ನೋಡ್ತೀವಿ. ನೀವು ಏನೂ ಮಾಡೋದು ಬೇಡ. ಒಂದು ಹುಡುಕೋ ಪೆಟ್ಟಿಗೆ ಕೊಡ್ತೀವಿ, ಪುಟದಲ್ಲಿ ಇಟ್ಕೊಳ್ಳಿ. ಜನ ಏನು ಹುಡುಕ್ತಾರೋ, ಏನು ಓದ್ತಾರೋ ಅದಕ್ಕೆ ತಕ್ಕ ಜಾಹೀರಾತು ಅದರಲ್ಲಿ ಬರುತ್ತೆ. ಯಾರಾದ್ರೂ ಒತ್ತಿದ್ರೆ ನಿಮಗೆ ದುಡ್ಡು. ಒತ್ತಲಿಲ್ವಾ, ಯಾರಿಗೂ ನಷ್ಟ ಇಲ್ಲ."

"ಒತ್ತಿದವನಿಗೆ?" ಎಂದಳು ಬುರುಲ್.

"ಒತ್ತಿದವನಿಗೆ ಏನು?"

"ನಷ್ಟ."

ಜಾನಿಶ್ ಬಾಯಿ ತುಂಬ ಶಾವಿಗೆ ಇಟ್ಟುಕೊಂಡೇ ನಕ್ಕ. ಒಂದು ಎಳೆ ಗದ್ದದ ಮೇಲೆ ಜೋತು ಬಿತ್ತು. ಅವನು ಅದನ್ನು ಒರೆಸಲಿಲ್ಲ, ನಾಲಗೆಯಿಂದ ಒಳಗೆ ಎಳೆದುಕೊಂಡ. ಬುರುಲ್ ತನ್ನ ಬಟ್ಟಲನ್ನು ಈಚೆಗೆ ಸರಿಸಿದಳು.

ಲ್ಯುಬಾ ಕನ್ನಡಕ ಏರಿಸಿ ಕೇಳಿದಳು: "ನನ್ನ ಪುಟದಲ್ಲಿ ಕಾಲುಚೀಲದ ಪಕ್ಕ ಏನಪ್ಪ ಬರುತ್ತೆ?"

ಜಾನಿಶ್ ತನ್ನ ಲ್ಯಾಪ್‌ಟಾಪು ಬಿಚ್ಚಿ ತೋರಿಸಿದ. "ನೋಡಿ ಅಮ್ಮ, ಕಾಲುನೋವಿನ ಮುಲಾಮು."

"ಚೆನ್ನಾಯ್ತು. ನನ್ನ ಕಾಲುಚೀಲ ಹಾಕ್ಕೊಂಡ್ರೆ ಕಾಲು ನೋಯುತ್ತೆ ಅಂತ ನಾನೇ ಸಾರಿದ ಹಾಗಾಯ್ತು."

"ನಿಮ್ಮ ಕಾಲುಚೀಲ ಹಾಕ್ಕೊಂಡವರಿಗೆ ಗೊತ್ತೇ ಇದೆ ಬಿಡಿ, ಲ್ಯುಬಾ ಆಂಟಿ," ಎಂದ ಕುಬಾನ್. ಅವಳು ಅವನ ಮಂಡಿಗೆ ಚಮಚದಿಂದ ಹೊಡೆದಳು.

ಬುರುಲ್ ನಗಲಿಲ್ಲ. "ಯಾವ ಜಾಹೀರಾತು ಬರಬೇಕು ಅಂತ ಆರಿಸೋದು ಯಾರು?"

"ಯಾರೂ ಇಲ್ಲ ಎಜೆ, ಯಂತ್ರ. ಜನ ಯಾವುದನ್ನ ಹೆಚ್ಚು ಒತ್ತುತ್ತಾರೋ ಅದನ್ನ ಯಂತ್ರ ಮೇಲಕ್ಕೆ ತರುತ್ತೆ. ಅಂದ್ರೆ ಜನರೇ ಆರಿಸಿದ ಹಾಗೆ. ಚುನಾವಣೆ ಥರ."

"ಅದನ್ನೂ ನೋಡಿದ್ದೀವಿ," ಎಂದಳು ಲ್ಯುಬಾ.

ಎರಡು ಭಾನುವಾರ ಮೂವರೂ ಇದನ್ನೇ ತೂಗಿದರು. ಕುಬಾನ್‌ಗೆ ಆಸೆ. ಲ್ಯುಬಾಗೆ ಅನುಮಾನ, ಆದರೆ ಹೊಸದೊಂದು ಏನೋ ಬಂತಲ್ಲ ಅನ್ನುವ ಕುತೂಹಲ. ಬುರುಲ್‌ಗೆ ಹೇಸಿಗೆ, ಆದರೆ ಕಲ್ಲಿದ್ದಲಿನ ಕೋಣೆಯಲ್ಲಿ ನೆಲ ಕಾಣಿಸತೊಡಗಿತ್ತು. ಕೊನೆಗೆ ಚಳಿ ಮುಗಿಯುವವರೆಗೆ ಇಟ್ಟು ನೋಡೋಣ, ಆಗದಿದ್ದರೆ ಕಿತ್ತು ಹಾಕೋಣ ಅಂತ ತೀರ್ಮಾನವಾಯಿತು.

ಪೆಟ್ಟಿಗೆಯನ್ನು ಪುಟದಲ್ಲಿ ಎಲ್ಲಿ ಇಡಬೇಕು ಅನ್ನುವುದನ್ನು ಜಾನಿಶ್ ಫೋನಿನಲ್ಲಿ ಹೇಳಿಕೊಟ್ಟ. "ಮೂಲೆಯಲ್ಲಿ ಬೇಡ ಎಜೆ, ಮೂಲೆ ಯಾರು ನೋಡ್ತಾರೆ. ನಿಮ್ಮ ಉತ್ತರ ಓದಿ ಮುಗಿಸಿದ ಕಣ್ಣು ಎಲ್ಲಿ ನಿಲ್ಲುತ್ತೆ? ನಿಮ್ಮ ಹೆಸರಿನ ಮೇಲೆ. ಆ ಹೆಸರಿಗಿಂತ ಒಂದು ಸಾಲು ಮೇಲೆ ಇಡಿ."

ಅವಳು ಅಲ್ಲೇ ಇಟ್ಟಳು. ಯಾರೂ ಅವಳ ಕೈ ಹಿಡಿದು ಇಡಿಸಲಿಲ್ಲ. ಇಪ್ಪತ್ತು ವರ್ಷ ಯಾವ ಜಾಗದಲ್ಲಿ ಮದ್ದಿನ ಹೆಸರು ಬರೆದಿದ್ದಳೋ ಆ ಜಾಗದಲ್ಲಿ, ತನ್ನ ಕೈಯಾರೆ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಕುರಿಗಾಹಿಗಳು ಬರುತ್ತಾರೆ, ಓದುತ್ತಾರೆ, ಹೋಗುತ್ತಾರೆ, ಒತ್ತುವುದಿಲ್ಲ. ಲ್ಯುಬಾಳ ಮುದುಕಿಯರಿಗಂತೂ ಒತ್ತಿದರೆ ಪೊಲೀಸರು ಬರುತ್ತಾರೆಂಬ ಭಯ. ಭಾನುವಾರ ಕುಬಾನ್ ಬಟ್ಟಲು ಖಾಲಿ ಮಾಡಿ ತೊಡೆ ತಟ್ಟಿಕೊಂಡ.

"ನಾವು ಬುದ್ಧಿ ಇಲ್ಲದವರು. ಅಶಾರ್ ಮಾಡಿದ್ರೆ ಆಯ್ತಪ್ಪ."

ಅಶಾರ್ ಅಂದರೆ ಮುಯ್ಯಾಳಿನ ಹಾಗೆ. ಒಬ್ಬರ ಮನೆ ಏಳಬೇಕೆಂದರೆ ಕೇರಿಯವರೆಲ್ಲ ಬಂದು ಮಣ್ಣು ತುಳಿದು ಗೋಡೆ ಎಬ್ಬಿಸುತ್ತಾರೆ. ಕೂಲಿಯಿಲ್ಲ, ಮನೆಯವರು ಹೊಟ್ಟೆ ತುಂಬ ಬಡಿಸಬೇಕು. ಕುಬಾನ್‌ನ ಮನೆಯೇ ಹಾಗೆ ಎರಡು ದಿನದಲ್ಲಿ ಎದ್ದದ್ದು. ಅವತ್ತು ಮಾಂಸದ ಸಾರಿನ ಹಂಡೆ ಕಲಕಿದವಳು ಬುರುಲ್.

"ಗೋಡೆ ಎಬ್ಬಿಸೋಕೆ ಬಂದವರು ಒಂದು ಬೆರಳು ಒತ್ತೋಕೆ ಬರಲ್ವಾ?" ಎಂದ ಅವನು. "ಸೋಮವಾರ ಎಜೆ ಪುಟ, ಬುಧವಾರ ಆಂಟಿದು, ಶುಕ್ರವಾರ ನನ್ನದು. ನನ್ನ ಹೆಂಡತಿ ಕಡೆಯವರೇ ನಲವತ್ತು ಜನ ಇದ್ದಾರೆ. ಮದುವೆಗೆ ಕರೆದ ಹಾಗೆ ಕರೀತೀನಿ."

ಇದರಲ್ಲಿ ಮೋಸವಿದೆ ಅಂತ ಆ ಮೇಜಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನೆರೆಯವನ ಹೊರೆಗೆ ಒಂದು ಕೈ ಕೊಡುವುದರಲ್ಲಿ ಮೋಸವೆಲ್ಲಿ ಬಂತು? ಬುರುಲ್‌ಗೂ ಹೊಳೆಯಲಿಲ್ಲ. ಬದಲಿಗೆ, ಎಷ್ಟೋ ದಿನದ ಮೇಲೆ ಎದೆ ಸ್ವಲ್ಪ ಬೆಚ್ಚಗಾಯಿತು.

ಜನ ಎಷ್ಟು ನಿಷ್ಠೆಯಿಂದ ಒತ್ತಿದರು ಅಂದರೆ, ಸಂತೆಯಲ್ಲಿ ಸಿಕ್ಕಿದವರೆಲ್ಲ ಲೆಕ್ಕ ಒಪ್ಪಿಸುವರು. ಆಲೂಗಡ್ಡೆ ಮಾರುವವಳು ಹೇಳುವಳು: "ಎಜೆ, ಹಸು ಕರೆಯೋಕೆ ಮುಂಚೆ ನಿಮ್ಮದನ್ನ ಒತ್ತಿದೆ. ಕರೆದು ಬಂದು ಇನ್ನೊಂದು ಸಲ ಒತ್ತಿದೆ."

"ಯಾವುದನ್ನ ಒತ್ತಿದ್ರಿ?"

"ಮೇಲಿಂದ ಮೊದಲನೇದು. ಕೆಳಗೆ ಇಳಿಯೋಕೆ ಯಾರಿಗೆ ಪುರುಸೊತ್ತು?"

ಅಶಾರಿಗೆ ಬಂದವರನ್ನು ಬರಿ ಬಾಯಲ್ಲಿ ಕಳಿಸಬಾರದಲ್ಲ. ಬುರುಲ್ ಸೋಮವಾರ ಸೋಮವಾರ ಬಾಣಲೆ ತುಂಬ ಹಿಟ್ಟಿನ ಬೋರ್ಸೊಕ್ ಕರಿದು, ಬಟ್ಟೆಯಲ್ಲಿ ಕಟ್ಟಿ, ಮನೆಮನೆಗೆ ಕೊಟ್ಟು ಬಂದಳು. ಅವರು ತಿಂದು, ಎಣ್ಣೆ ಬೆರಳು ಒರೆಸಿಕೊಂಡು, ಮತ್ತೆ ಒತ್ತಿದರು.

ಮೇಲಿಂದ ಮೊದಲನೆಯದು ಏನು ಅನ್ನುವುದನ್ನು ಅವಳು ನೋಡಿರಲಿಲ್ಲ ಅಂತಲ್ಲ. ನೋಡಿದ್ದಳು. ಒಂದು ಟಗರು ಎರಡೇ ಕಾಲಿನ ಮೇಲೆ ನಿಂತು ಹಲ್ಲು ಕಿರಿಯುತ್ತಿರುವ ಚಿತ್ರ. "ಮಲಗಿದ ಕುರಿ ಒಂದೇ ದಿನದಲ್ಲಿ ಎದ್ದು ನಿಲ್ಲುತ್ತದೆ. ಬಿಳಿ ಪುಡಿ. ಮನೆ ಬಾಗಿಲಿಗೆ." ಮೊದಲ ಸಲ ಕಂಡಾಗ ಅವಳು ಅದನ್ನು ಎರಡು ಸಲ ಓದಿದಳು. ಮಲಗಿದ ಕುರಿ ಅಂದರೆ ಯಾವ ಮಲಗು? ಕಾಲು ಕೊಳೆತು ಮಲಗಿದ್ದಾ, ಹೊಟ್ಟೆ ಉಬ್ಬಿ ಮಲಗಿದ್ದಾ, ಹಸಿದು ಮಲಗಿದ್ದಾ? ಎಲ್ಲಕ್ಕೂ ಒಂದೇ ಪುಡಿಯೆಂದರೆ ಅದು ಯಾವುದಕ್ಕೂ ಅಲ್ಲ. ಜಾನಿಶ್‌ಗೆ ಫೋನು ಮಾಡಿದಳು.

"ಅದನ್ನ ತೆಗೆಸಪ್ಪ."

"ಎಜೆ, ನಿಮ್ಮ ಪುಟದಲ್ಲಿ ಓಡ್ತಿರೋದೇ ಅದೊಂದು. ಅದನ್ನ ತೆಗೆದ್ರೆ ಉಳಿಯೋದು ಮದುವೆ ಛತ್ರದ ಜಾಹೀರಾತು."

"ಛತ್ರವೇ ಇರ್ಲಿ."

"ನೋಡೋಣ ಎಜೆ, ಮಾತಾಡ್ತೀನಿ."

ಅವನು ನೋಡಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಆ ತಿಂಗಳು ಸೈಟಿನ ಬಾಡಿಗೆ ಹುಟ್ಟಿತ್ತು, ಒಲೆಯಲ್ಲಿ ಕಲ್ಲಿದ್ದಲೂ ಉರಿಯುತ್ತಿತ್ತು. ಹಲ್ಲುಕಿರಿಯುವ ಟಗರು ಎರಡು ವಾರದಲ್ಲಿ ಅವಳ ಕಣ್ಣಿಗೆ ಗೋಡೆಯ ಹಳೇ ಕ್ಯಾಲೆಂಡರಿನ ಹಾಗಾಗಿ ಹೋಯಿತು. ಇದೆ ಅನ್ನುವುದು ಗೊತ್ತು, ಕಾಣಿಸುವುದಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಜೆತಿ-ಒಗುಜ್ ಬೆಟ್ಟದಾಚೆ ಚಳಿಗಾಲದ ದೊಡ್ಡಿಯಲ್ಲಿರುವ ತೊಕೊನ್. ಚೀಟಿಯ ಕಾಲದಿಂದ ಅವಳನ್ನು ನಂಬಿದವನು. ಅಲ್ಲಿ ಫೋನು ಹಿಡಿಯುವುದು ಒಂದೇ ಗುಡ್ಡದ ನೆತ್ತಿಯಲ್ಲಿ. ಹತ್ತಿ ಬಂದಿದ್ದನೇನೋ, ಏದುಸಿರು ಬಿಡುತ್ತಿದ್ದ.

"ಎಜೆ, ಚೆನ್ನಾಗಿದ್ದೀರಾ, ಮೈಕೈ ಗಟ್ಟಿ ಇದೆಯಾ? ನೀವು ಹೇಳಿದ ಪುಡಿ ಮುಗೀತಾ ಬಂತು. ಇನ್ನೂ ಒಂಬತ್ತು ಮಲಗಿವೆ. ಒಂದಕ್ಕೆ ಎರಡು ಪಟ್ಟು ಕೊಡ್ಲಾ ಅಂತ ಕೇಳೋಣ ಅಂತ."

"ಯಾವ ಪುಡಿ?"

"ನೀವು ಹೇಳಿದ್ದು. ಬಿಳೀದು."

"ಇನ್ನೂ ಒಂಬತ್ತು ಅಂದ್ರೆ? ಇದಕ್ಕೆ ಮುಂಚೆ ಎಷ್ಟು?"

"ಹನ್ನೊಂದು ಹೋದ್ವು ಎಜೆ. ಎಲ್ಲ ಗಬ್ಬದವು."

"ಪುಡಿ ನಿಲ್ಸು. ಒಂದು ಚಿಟಿಕೆ ಕೊಡಬೇಡ. ಸಕ್ಕರೆ ನೀರು ಕುಡಿಸು. ತೊಕೊನ್, ಕೇಳ್ತಿದೆಯಾ?"

ಕೇಳಲಿಲ್ಲ. ಗಾಳಿಯ ಸದ್ದಾಯಿತು, ಫೋನು ಕಡಿಯಿತು. ಮತ್ತೆ ಹಿಡಿಯಲಿಲ್ಲ.

ಬುರುಲ್ ಪುಟ ತೆರೆದು ನೋಡಿದಳು. ಗಬ್ಬದ ಕುರಿ ಕೊನೆಯ ತಿಂಗಳಲ್ಲಿ ಮಲಗಿಬಿಟ್ಟರೆ ಏನು ಮಾಡಬೇಕು ಅನ್ನುವ ಉತ್ತರ ಅಲ್ಲೇ ಇತ್ತು. ಹೊಟ್ಟೆಯಲ್ಲಿ ಎರಡು ಮರಿ ಇದ್ದರೆ ತಾಯಿಗೆ ಹುಲ್ಲು ಸಾಲದು, ಮರಿಗಳು ತಾಯಿಯನ್ನೇ ಒಳಗಿನಿಂದ ತಿನ್ನುತ್ತವೆ; ಬೆಚ್ಚಗಿಡಿ, ಬಾರ್ಲಿ ತಿನ್ನಿಸಿ, ಹೊತ್ತು ಹೊತ್ತಿಗೆ ಸಕ್ಕರೆ ನೀರು ಕುಡಿಸಿ, ಬೇರೆ ಮದ್ದು ಬೇಡ. ಎಲ್ಲ ಸರಿಯಾಗಿಯೇ ಬರೆದಿದ್ದಳು. ಅದರ ಕೆಳಗೆ ಹಲ್ಲುಕಿರಿಯುವ ಟಗರು. ಟಗರಿನ ಕೆಳಗೆ: ಬುರುಲ್ ಹೇಳಿದ್ದು.

ಅವಳು ಅಲ್ಲೇ ಕೂತು ಆ ಪೆಟ್ಟಿಗೆಯನ್ನು ಪುಟದಿಂದ ಕಿತ್ತು ಹಾಕಿದಳು. ಆಮೇಲೆ ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಒಂದು ಚೀಲಕ್ಕೆ ಸುರಿದು, ಸಾಲದೆಂದು ಅಂಗಡಿಯಿಂದಲೂ ತಂದು, ಅರ್ಧ ಮೂಟೆ ಬಾರ್ಲಿ ಹೊರಿಸಿಕೊಂಡು ವ್ಯಾನು ಹತ್ತಿದಳು. ವ್ಯಾನು ಮುಟ್ಟುವ ಕಡೆಯಿಂದ ಆಚೆಗೆ ಯಾರದೋ ಜಾರುಬಂಡಿ. ಮಧ್ಯಾಹ್ನಕ್ಕೆ ಮುಂಚೆ ತೊಕೊನ್‌ನ ದೊಡ್ಡಿ ಮುಟ್ಟಿದಳು.

ಸತ್ತ ಕುರಿಗಳನ್ನು ಗೋಡೆಯ ಪಕ್ಕ ಹಿಮದ ಮೇಲೆ ಸಾಲಾಗಿ ಮಲಗಿಸಿದ್ದರು. ಹೊಟ್ಟೆಗಳು ಉಬ್ಬಿದ್ದವು. ನಾಯಿಗಳು ಎರಡನ್ನು ಎಳೆದಾಡಿದ್ದವು. ಬುರುಲ್ ಒಂದನ್ನು ಕೊಯ್ದು ನೋಡಿದಳು, ಬೇರೇನಾದರೂ ಆಗಿರಲಿ ದೇವರೇ ಎಂದುಕೊಂಡೇ. ಒಳಗೆ ಮರಿ ಎರಡು, ಉಣ್ಣೆ ಮೂಡಿದವು. ತಾಯಿಯ ಯಕೃತ್ತು ಹಳದಿಯಾಗಿ ಬೆರಳಿಟ್ಟರೆ ಬೆಣ್ಣೆಯ ಹಾಗೆ ಕುಸಿಯುತ್ತಿತ್ತು. ಬೇರೇನೂ ಅಲ್ಲ. ಬರೀ ಹಸಿವು. ಒಂದು ಬೋಗುಣಿ ಸಕ್ಕರೆ ನೀರಿನಲ್ಲಿ ಹೋಗುತ್ತಿದ್ದ ಕಾಯಿಲೆ.

ತೊಕೊನ್ ಅವಳನ್ನು ಒಳಗೆ ಕರೆದು, ಬಟ್ಟೆ ಹಾಸಿ ರೊಟ್ಟಿ ಇಟ್ಟು ಚಹಾ ಕೊಡಿಸಿದ. ಅಷ್ಟು ದೂರದಿಂದ ಬಂದ ಡಾಕ್ಟರನ್ನು ಚಹಾ ಕೊಡದೆ ದೊಡ್ಡಿಯ ಒಳಕ್ಕೆ ಕಳಿಸುವವನಲ್ಲ ಅವನು. ಬುರುಲ್ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಆ ಪುಡಿ ತೋರಿಸು."

ಪೊಟ್ಟಣದ ಮೇಲೂ ಅದೇ ಟಗರು. ಅವಳು ನಾಲಗೆಯ ತುದಿಗೆ ಹಚ್ಚಿ ನೋಡಿದಳು. ಸೀಮೆಸುಣ್ಣ. ಒಂದಿಷ್ಟು ಉಪ್ಪು. ಮೇಲೆ ಪುದೀನದ ವಾಸನೆ, ಹಲ್ಲುಪುಡಿಯ ಹಾಗೆ. ಒಲೆಯ ಬೂದಿಯೊಳಕ್ಕೆ ಉಗಿದಳು. ಬಾಯಿ ತೊಳೆದರೂ ಅದರ ಜಿಡ್ಡು ಹಲ್ಲಿನ ಸಂದಿಯಲ್ಲಿ ಉಳಿದುಕೊಂಡಿತು.

ತೊಕೊನ್‌ನ ಹೆಂಡತಿ ಉಮ್ಸುನ್ ಗಂಡನ ಹಾಗೆ ನುಂಗಿಕೊಳ್ಳುವವಳಲ್ಲ. ಸಕ್ಕರೆಯ ಚೀಲ ಬಿಚ್ಚುತ್ತ ಅವಳಂದಳು: "ನಾನು ಹೇಳಿದ್ದೆ ಎಜೆ. ನಮ್ಮಮ್ಮ ಸಕ್ಕರೆ ನೀರೇ ಕುಡಿಸ್ತಿದ್ದಳು. ಈ ಮನುಷ್ಯ, ಪುಡಿ ಕೊಡಿ ಅಂತ ಬುರುಲ್ ಹೇಳಿದ್ದಾರೆ, ನೀನ್ಯಾವ ಡಾಕ್ಟರು ಅಂದ್ರು. ನಿಮ್ಮ ಮಾತಿನ ಮುಂದೆ ನನ್ನ ಮಾತು ಎಲ್ಲಿ ನಡೀಬೇಕು."

"ತೊಕೊನ್," ಎಂದಳು ಬುರುಲ್, "ಅದು ನಾನು ಹೇಳಿದ್ದಲ್ಲ."

"ನಿಮ್ಮ ಹೆಸರಿನ ಮೇಲಿನ ಸಾಲಲ್ಲೇ ಇತ್ತು ಎಜೆ. ನಾನು ಯಾವಾಗಲೂ ಅಲ್ಲೇ ಓದೋದು."

"ಇತ್ತು."

"ಹಾಗಾದ್ರೆ ಅಲ್ಲಿ ಯಾರು ಇಟ್ರು?"

"ನಾನೇ ಇಟ್ಟೆ."

ಅವನಿಗೆ ಅರ್ಥವಾಗಲಿಲ್ಲ. ಸಿಟ್ಟಲ್ಲ, ನಿಜಕ್ಕೂ ಅರ್ಥವಾಗಲಿಲ್ಲ. "ಹೇಳದೆ ಇದ್ದದ್ದನ್ನ ಯಾಕೆ ಇಟ್ರಿ?"

"ಬಾಡಿಗೆ ಕಟ್ಟಬೇಕಿತ್ತು. ಆ ಪುಟಕ್ಕೆ."

ತೊಕೊನ್ ಚಹಾದ ಬಟ್ಟಲನ್ನು ಕೆಳಗಿಟ್ಟ. "ಚೀಟಿಗೆ ಬಾಡಿಗೆ ಇರ್ಲಿಲ್ಲ," ಎಂದ. ಅಷ್ಟೇ ಹೇಳಿ ಎದ್ದು ನೀರು ಕಾಯಿಸಲು ಹೋದ.

ಸಂಜೆಯವರೆಗೆ ಮೂವರೂ ಸೇರಿ ಒಂಬತ್ತು ಕುರಿಗಳ ಬಾಯಿ ತೆಗೆಸಿ ಸಕ್ಕರೆ ನೀರು ಕುಡಿಸಿದರು. ಕುತ್ತಿಗೆ ಎತ್ತಲಾರದವನ್ನು ಬುರುಲ್ ತೊಡೆಯ ಮೇಲೆ ಮಲಗಿಸಿಕೊಂಡು ಚಮಚದಲ್ಲಿ ಹಾಕಿದಳು. ಎರಡು ದಿನ ಅಲ್ಲೇ ಉಳಿದಳು. ಮೂರನೆಯ ದಿನ ಬೆಳಿಗ್ಗೆ ಆರು ಎದ್ದು ನಿಂತು ಬಾರ್ಲಿಗೆ ಬಾಯಿ ಹಾಕಿದವು. ಮೂರು ಏಳಲಿಲ್ಲ. ಹೊರಡುವಾಗ ತೊಕೊನ್ ಜಾರುಬಂಡಿಯವರೆಗೂ ಬಂದು ಅವಳ ಕಾಲಿಗೆ ಕಂಬಳಿ ಸುತ್ತಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆ ಭಾನುವಾರ ಅಶ್ಲಾನ್‌ಫು ಅಂಗಡಿಗೆ ಅವಳು ಹೋದಾಗ ಜಾನಿಶ್ ಕೂಡ ಬಂದಿದ್ದ. ಖುಷಿಯಲ್ಲಿದ್ದ. ಕರಕೋಲ್ ಪುಟಗಳು ದೇಶದಲ್ಲೇ ಮುಂದಿವೆ ಅಂತ ಮೂವರಿಗೂ ಒಂದೊಂದು ಗೋಡೆ ಗಡಿಯಾರ ತಂದಿದ್ದ, ತಾಪ್‌ಬೆರ್ ಅಂತ ಬರೆದದ್ದು.

"ಎಜೆ, ಪೆಟ್ಟಿಗೆ ಯಾಕೆ ತೆಗೆದುಬಿಟ್ರಿ? ಏನಾದ್ರೂ ತಪ್ಪಾಯ್ತಾ?"

ಬುರುಲ್ ಪೊಟ್ಟಣವನ್ನು ಅವನ ಬಟ್ಟಲಿನ ಪಕ್ಕ ಇಟ್ಟಳು. "ಇದನ್ನ ಸ್ವಲ್ಪ ನಾಲಗೆ ಮೇಲೆ ಇಟ್ಕೊ."

"ಏನಿದು?"

"ನಿನ್ನ ಪುಡಿ."

ಅವನು ಮುಟ್ಟಲಿಲ್ಲ. "ಎಜೆ, ನಾವು ಪುಡಿ ಮಾರೋರಲ್ಲ. ನಾವು ಜಾಗ ಮಾರ್ತೀವಿ."

"ಜಾಗ ನನ್ನದಾಗಿತ್ತು."

"ನಿಮ್ಮದೇ. ಇಲ್ಲ ಅಂದವರು ಯಾರು? ಅದನ್ನ ಮೇಲಕ್ಕೆ ಏರಿಸಿದವರೂ ನೀವೇ." ಜಾನಿಶ್ ತನ್ನ ಲ್ಯಾಪ್‌ಟಾಪು ಬಿಚ್ಚಿ ಅವಳ ಕಡೆ ತಿರುಗಿಸಿದ. "ನೋಡಿ. ಸೋಮವಾರ ಸೋಮವಾರ ನಲವತ್ತು ಐವತ್ತು ಜನ, ಎಲ್ಲರೂ ಇದೊಂದನ್ನೇ ಒತ್ತಿದ್ದಾರೆ. ಇಡೀ ಕಣಿವೆಗೆ ಈ ಪುಡಿ ಬೇಕು ಅಂದ್ಕೊಂಡಿತು ಯಂತ್ರ. ಅದಕ್ಕೇ ಕುರಿ ಅಂತ ಯಾರು ಹುಡುಕಿದ್ರೂ ಮೊದಲು ಇದನ್ನೇ ತೋರಿಸ್ತು. ನಾನು ಇಳಿಸ್ತೀನಿ ಅಂದ್ರೂ ಇಳೀತಿರ್ಲಿಲ್ಲ."

ಲ್ಯುಬಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಾನೂ ಒತ್ತಿದೆ," ಎಂದಳು. "ಪ್ರತಿ ಸೋಮವಾರ. ಕನ್ನಡಕ ಹಾಕ್ಕೊಳ್ಳದೇ."

"ಒಳ್ಳೇದಾಗ್ಲಿ ಅಂತ ಮಾಡಿದ್ದು ಎಜೆ," ಎಂದ ಕುಬಾನ್. "ಯಾರು ಕಂಡಿದ್ರು."

ಬುರುಲ್‌ಗೆ ಕಣ್ಣ ಮುಂದೆ ಬಂದದ್ದು ಬೋರ್ಸೊಕ್ ಕಟ್ಟಿದ ಬಟ್ಟೆ. ಮನೆಮನೆ ಸುತ್ತಿ, ಬಾಗಿಲು ತಟ್ಟಿ, ಬಿಸಿಬಿಸಿಯಾಗಿ ಕೈಗೆ ಕೊಟ್ಟು, ತಿನ್ನಿ ತಿನ್ನಿ ಅಂದದ್ದು. ತೊಕೊನ್‌ನ ಹದಿನಾಲ್ಕು ಕುರಿಗಳ ಸಾವಿಗೆ ಅವಳು ಉಪಚಾರ ಮಾಡಿ ಆಳು ಕರೆದಿದ್ದಳು. ಜಾನಿಶ್‌ನ ಒದ್ದೆ ಕೈಗಿಂತ ತನ್ನ ಕೈಯೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ತಾನು ಬಂದದ್ದು ಇವನ ಬಾಯಿಗೆ ಸುಣ್ಣ ತುಂಬಲು, ತುಂಬಿಸಿಕೊಂಡವಳು ತಾನು.

ಅವಳು ಪೊಟ್ಟಣ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಗಡಿಯಾರವನ್ನು ಅಲ್ಲೇ ಬಿಟ್ಟಳು. ಲ್ಯುಬಾ ತನ್ನ ಗಡಿಯಾರವನ್ನು ಜಾನಿಶ್ ಕಡೆಗೆ ತಳ್ಳಿ, "ನಂದೂ ತೆಗೀತೀನಿ, ಮುಲಾಮು ನೀನೇ ಹಚ್ಕೊ," ಎಂದಳು. ಕುಬಾನ್ ಬಟ್ಟಲು ನೋಡುತ್ತ ಕೂತಿದ್ದ.

"ನಂದು ಡೇರೆ ಎಜೆ. ಡೇರೆ ಜಾಹೀರಾತಿಂದ ಯಾರೂ ಸಾಯಲ್ಲ."

"ಸಾಯಲ್ಲ," ಎಂದಳು ಬುರುಲ್. "ಇಟ್ಕೊ."

ಆದರೆ ಕುಬಾನ್ ಕೆಟ್ಟವನಲ್ಲ. ಬೆಟ್ಟದಲ್ಲಿ ಯಾರದಾದರೂ ಮಂದೆ ಹೋದರೆ ಬಂಧುಬಳಗ ಒಂದೊಂದು ಪ್ರಾಣಿ ಕೊಟ್ಟು ಮತ್ತೆ ಮಂದೆ ಕಟ್ಟಿಕೊಡುವ ವಾಡಿಕೆಯುಂಟು. ಅವನೇ ಆ ಮಾತೆತ್ತಿ, ಒತ್ತಿದವರ ಮನೆಗಳಿಗೆಲ್ಲ ಹೋಗಿ ಕೇಳಿದ. ಒತ್ತುವಾಗ ನಲವತ್ತು ಕೈ ಬಂದಿದ್ದವು. ಕುರಿ ಅಂದಾಗ ನಾಲ್ಕು. "ಬೆರಳು ಆಡಿಸಿದ್ದಕ್ಕೆ ಕುರಿ ಕೊಡಬೇಕಾ? ನಮ್ಮ ಹತ್ರ ಯಾರು ಒತ್ತಿ ಅಂದಿದ್ದು?" ಎಂದಳಂತೆ ಆಲೂಗಡ್ಡೆಯವಳು. ಆ ನಾಲ್ಕಕ್ಕೆ ಬುರುಲ್ ತನ್ನ ಎರಡು ಕುರಿಗಳನ್ನು ಸೇರಿಸಿ ತೊಕೊನ್‌ಗೆ ಕಳಿಸಿಕೊಟ್ಟಳು. ಅದಕ್ಕಿಂತ ಹೆಚ್ಚು ಅವಳಲ್ಲಿ ಇರಲೂ ಇಲ್ಲ.

ಸೈಟಿನಲ್ಲಿ ತನ್ನ ಫೋಟೋದ ಕೆಳಗೇ ಬರೆದಳು: "ಜನವರಿ, ಫೆಬ್ರವರಿಯಲ್ಲಿ ನನ್ನ ಹೆಸರಿನ ಮೇಲೆ ಒಂದು ಬಿಳಿ ಪುಡಿ ಇತ್ತು. ಅದು ಸೀಮೆಸುಣ್ಣ. ಅದನ್ನು ಅಲ್ಲಿ ಇಟ್ಟವಳು ನಾನು. ತಂದಿದ್ದರೆ ಗೋಡೆಗೆ ಬಳಿಯಿರಿ, ಕುರಿಗೆ ಕೊಡಬೇಡಿ." ಬರೆದ ಮೇಲೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಬಂದವರೂ ಓದಿ ಸುಮ್ಮನಾಗುವುದಿಲ್ಲ; ಫೋನು ಮಾಡುತ್ತಾರೆ.

"ಎಜೆ, ಇಲ್ಲಿ ಎಳ್ಳೆಣ್ಣೆ ಕುಡಿಸಿ ಅಂತಿದೆ. ಇದು ನೀವೇ ಹೇಳಿದ್ದಾ?"

"ನಾನೇ."

"ಖಂಡಿತ ನೀವೇನಾ?"

"ನಾನೇ ಕಣಪ್ಪ, ನಾನೇ."

ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಒಮ್ಮೆಯೂ ಬೇಜಾರು ಮಾಡಿಕೊಳ್ಳದೆ ಹೇಳುತ್ತಾಳೆ. ಬಾಡಿಗೆ ಕಟ್ಟಿ ಕಲ್ಲಿದ್ದಲು ಬಿಟ್ಟಳು. ಉಳಿದ ಚಳಿಯನ್ನು ಅಡುಗೆಮನೆಯಲ್ಲೇ, ಎರಡು ಕೋಟು ಹಾಕಿಕೊಂಡು ಕಳೆದಳು.

ತೊಕೊನ್ ಮಾತ್ರ ಪುಟಕ್ಕೂ ಬರಲಿಲ್ಲ, ಫೋನೂ ಮಾಡಲಿಲ್ಲ. ಅವಳು ಕೇಳಲೂ ಇಲ್ಲ.

ಏಪ್ರಿಲ್‌ನಲ್ಲಿ ಹಿಮ ಕರಗಿ ರಸ್ತೆ ತೆರೆದ ಮೇಲೆ ವ್ಯಾನಿನ ಡ್ರೈವರೊಬ್ಬ ಬಾಗಿಲು ತಟ್ಟಿ ಏನನ್ನೋ ಕೈಗಿಟ್ಟು ಹೋದ. ಉಣ್ಣೆಯ ದಾರ ಸುತ್ತಿದ ಕಾಗದ, ಒಳಗೆ ಉಮ್ಸುನ್‌ಳ ಅಕ್ಷರ: "ಹೊಸದಾಗಿ ಈದ ಕುರಿಯ ಒಂದು ಕೆಚ್ಚಲು ಕಲ್ಲಾಗಿದೆ. ಮರಿಗೆ ಬಾಯಿ ಹಾಕಗೊಡುವುದಿಲ್ಲ. ಏನು ಮಾಡಬೇಕು. ಇದರ ಬೆನ್ನಿಗೇ ಬರೆಯಿರಿ ಅಂತ ಇವರು ಹೇಳಿದ್ದಾರೆ."

ಬುರುಲ್ ಕಾಗದ ತಿರುಗಿಸಿ ಮೇಜಿನ ಮೇಲೆ ಚಪ್ಪಟೆ ಮಾಡಿದಳು. ಬಿಸಿನೀರಿನ ಬಟ್ಟೆ ಹೇಗೆ ಒತ್ತಬೇಕು, ದಿನಕ್ಕೆ ಎಷ್ಟು ಸಲ ಹಿಂಡಿ ಚೆಲ್ಲಬೇಕು, ಮರಿಗೆ ಅಲ್ಲಿಯವರೆಗೆ ಯಾವ ಹಾಲು, ಎಲ್ಲ ಬರೆದಳು. ಕೊನೆಯ ಸಾಲಿನಲ್ಲಿ ಮದ್ದಿನ ಹೆಸರು ಬರೆದಳು. ಆಮೇಲೆ ತನ್ನ ಹೆಸರನ್ನು, ಆ ಸಾಲಿಗೂ ಅದಕ್ಕೂ ನಡುವೆ ಒಂದು ಕೂದಲೆಳೆಯಷ್ಟೂ ಜಾಗ ಉಳಿಯದ ಹಾಗೆ, ಅಕ್ಷರಕ್ಕೆ ಅಕ್ಷರ ತಾಗಿಸಿ, ಒತ್ತಿ ಬರೆದಳು.